ಮಗು ನೋಡಿಕೊಳ್ಳುವವರಿಗೆ ಹಬ್ಬಕ್ಕೆ ಏನು ಕೊಡೋಣ? ಡೇ ಕೇರ್ ನಡೆಸುವವಳ ಲೆಕ್ಕಾಚಾರ

ದಸರೆಯ ಬನ್ನಿ ಹಂಚಿ ಮುಗಿಯುವುದೇ ತಡ, ನಮ್ಮ ಬಾಗಿಲಲ್ಲಿ ಈ ಪ್ರಶ್ನೆ ಶುರುವಾಗುತ್ತದೆ. ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಾಯಂದಿರು ಚಪ್ಪಲಿ ಮೆಟ್ಟುತ್ತಾ ದನಿ ಇಳಿಸಿ ಕೇಳುತ್ತಾರೆ: "ಅಕ್ಕಾರ, ದೀಪಾವಳಿಗೆ ಆಯಾಗೋಳಿಗೆ ಏನರ ಕೊಡಬೇಕಂತ ಮಾಡೇವ್ರಿ. ಏನ್ ಕೊಟ್ಟರ ಛಲೋ?" ಒಬ್ಬೊಬ್ಬರಿಗೂ ನಿಂತಲ್ಲೇ ಅರ್ಧಮರ್ಧ ಉತ್ತರ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ನಾನು ಬಾಗಲಕೋಟೆಯ ನವನಗರದಲ್ಲಿ ಮನೆಯ ಕೆಳಗಿನ ಅಂತಸ್ತಿನಲ್ಲಿ ಡೇ ಕೇರ್ ನಡೆಸುತ್ತೇನೆ. ಆಸ್ಪತ್ರೆಯ ನರ್ಸ್‌ಗಳು, ತೋಟಗಾರಿಕೆ ವಿಶ್ವವಿದ್ಯಾಲಯದ ಮೇಡಂಗಳು, ಬ್ಯಾಂಕಿನವರು, ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡುವವರು ಮಕ್ಕಳನ್ನು ಬಿಡುತ್ತಾರೆ. ಅಂಬೆಗಾಲಿಡುವ ಕೂಸಿನಿಂದ ಹಿಡಿದು ಶಾಲೆ ಬಿಟ್ಟ ಮೇಲೆ ಬರುವ ಯುಕೆಜಿ ಪೋರರವರೆಗೆ ಇದ್ದಾರೆ. ನೋಡಿಕೊಳ್ಳಲು ಇಬ್ಬರು ಆಯಾ, ಅಡುಗೆಗೆ ಒಬ್ಬರು, ಜೊತೆಗೆ ನಾನು. ತೆಗೆದುಕೊಳ್ಳುವವರ ಕಡೆಯಿಂದ ಹೇಳುತ್ತಿದ್ದೇನೆ ಎಂದುಕೊಂಡೇ ಓದಿ.

ಮೊದಲು ಫೀ, ಆಮೇಲೆ ಉಡುಗೊರೆ

ಕೇಳಲು ಒರಟು ಅನ್ನಿಸಬಹುದು. ಆದರೂ ಹೇಳುತ್ತೇನೆ. ನೀವು ಐದನೇ ತಾರೀಖಿನೊಳಗೆ ಫೀ ಕಟ್ಟಿದರೆ ನಾನು ಏಳಕ್ಕೆ ಆಯಾಗಳ ಸಂಬಳ ಕೊಡುತ್ತೇನೆ. ಅವರು ಆ ವಾರವೇ ಸ್ವಸಹಾಯ ಸಂಘದ ಕಂತು ಕಟ್ಟುತ್ತಾರೆ. ಒಂದು ಕಡೆ ತಡವಾದರೆ ಎಲ್ಲ ಕಡೆಯೂ ತಡ. ಎರಡು ತಿಂಗಳ ಫೀ ಬಾಕಿ ಇಟ್ಟುಕೊಂಡು ದೀಪಾವಳಿಗೆ ಅಮೀನಗಡದ ಕರದಂಟಿನ ದೊಡ್ಡ ಡಬ್ಬಿ ತರುವವರು ಇದ್ದಾರೆ. ಕರದಂಟು ರುಚಿಯಾಗಿಯೇ ಇರುತ್ತದೆ, ಬೇಡ ಅನ್ನಲ್ಲ. ಆದರೆ ಸಂಘದ ಕಂತಿಗೆ ಕರದಂಟು ನಡೆಯಲ್ಲ ಅಲ್ವಾ?

ಸಮಯವೂ ಹಾಗೆಯೇ. ಆರು ಗಂಟೆಗೆ ಬರುತ್ತೇನೆ ಎಂದವರು ಆರು ನಲವತ್ತಕ್ಕೆ ಬಂದರೆ ಗದ್ದನಕೇರಿ ಕಡೆ ಹೋಗುವ ನಮ್ಮ ಆಯಾಳ ಬಸ್ಸು ತಪ್ಪುತ್ತದೆ. ಶಕ್ತಿ ಯೋಜನೆಯಿಂದ ಟಿಕೆಟ್ ಉಚಿತವಾಗಿದೆ ನಿಜ, ತಪ್ಪಿದ ಬಸ್ಸು ಮಾತ್ರ ಹೊರಳಿ ಬರಲ್ಲ. ತಡವಾಗುತ್ತದೆ ಅಂತ ಮೊದಲೇ ಒಂದು ಫೋನ್ ಮಾಡಿ. ವರ್ಷಪೂರ್ತಿ ಇಷ್ಟು ಮಾಡಿದವರು ದೀಪಾವಳಿಗೆ ಏನೂ ಕೊಡದಿದ್ದರೂ ನಮ್ಮ ಹುಡುಗಿಯರ ಬಾಯಲ್ಲಿ ಅವರ ಹೆಸರು ಒಳ್ಳೆಯದಾಗಿಯೇ ಬರುತ್ತದೆ.

ಯಾರ ಕೈಗೆ ಮುಟ್ಟಬೇಕು

ಬಾಗಿಲಲ್ಲಿ ನಿಲ್ಲುವವಳು ನಾನು. ಹಾಗಾಗಿ ಉಡುಗೊರೆಯೂ ನನ್ನ ಕೈಗೇ ಬರುತ್ತದೆ. ನನಗೆ ಸೀರೆ, ಆಯಾಗಳಿಗೆ ಸೇರಿ ಅರ್ಧ ಕೆಜಿ ಸ್ವೀಟ್. ಇದು ತಲೆಕೆಳಗಾದ ಲೆಕ್ಕ. ನಿಮ್ಮ ಮಗಳ ಡೈಪರ್ ಬದಲಿಸುವವರು ಅವರು. ವಾಂತಿ ಮಾಡಿದರೆ ಒರೆಸುವವರು, ಮಧ್ಯಾಹ್ನ ತೊಡೆಯ ಮೇಲೆ ಹಾಕಿಕೊಂಡು ತಟ್ಟುವವರು ಅವರು. ನಾನು ಮಾಲೀಕಳು, ಲಾಭ ನನಗೇ ಬರುತ್ತದೆ. ನನಗೆ ಬಾಯಿ ತುಂಬಾ ಒಂದು ಮಾತು ಸಾಕು. ಕೈಗೆ ಕೊಡುವುದನ್ನು ಅವರಿಗೆ ಕೊಡಿ.

ಅಡುಗೆಯವರನ್ನು ಮರೆಯುವವರೇ ಜಾಸ್ತಿ, ಏಕೆಂದರೆ ಅವರು ಒಳಗಿರುತ್ತಾರೆ, ಕಣ್ಣಿಗೆ ಬೀಳಲ್ಲ. ನಿಮ್ಮ ಮಗ ಮನೆಯಲ್ಲಿ ಮುಟ್ಟದ ಮೆಂತ್ಯೆ ಪಲ್ಯ ಇಲ್ಲಿ ತಿನ್ನುತ್ತಾನೆ ಎಂದರೆ ಅದು ಅವರ ಕೈಚಳಕ. ಮಕ್ಕಳನ್ನು ತರುವ ಆಟೋ ಕಾಕಾ ಕೂಡ ಪಟ್ಟಿಯಲ್ಲಿರಲಿ. ಎಲ್ಲರಿಗೂ ಒಂದೇ ತೂಕದ್ದು ಕೊಡಿ. ಒಬ್ಬರಿಗೆ ಮಾತ್ರ ಏನಾದರೂ ವಿಶೇಷವಾಗಿ ಕೊಡಬೇಕು ಅನ್ನಿಸಿದರೆ ಎಲ್ಲರ ಎದುರು ಬೇಡ.

ಹಣ ಕೊಡುವುದಾದರೆ

ಹಣ ಕೊಟ್ಟರೆ ಅವಮಾನ ಆಗುತ್ತದೇನೋ ಅಂತ ಸುಮಾರು ಜನ ಹಿಂಜರಿಯುತ್ತಾರೆ. ಸಂಬಳದ ಮೇಲೆ ಬದುಕುವವರಿಗೆ ಹಬ್ಬದ ತಿಂಗಳಲ್ಲಿ ಹಣಕ್ಕಿಂತ ಅನುಕೂಲದ್ದು ಬೇರೆ ಇಲ್ಲ. ಅವಮಾನ ಆಗುವುದು ಕೊಡುವ ರೀತಿಯಲ್ಲಿ. ಪರ್ಸಿನಿಂದ ಮುದುಡಿದ ನೋಟು ತೆಗೆದು "ತಗೋ" ಅನ್ನಬೇಡಿ. ಲಕೋಟೆಯಲ್ಲಿಟ್ಟು, ಒಂದು ರೂಪಾಯಿ ಸೇರಿಸಿ, ಎರಡೂ ಕೈಯಲ್ಲಿ ಕೊಡಿ. ಮಗುವಿನ ಕೈಯಿಂದ ಕೊಡಿಸಿದರೆ ಇನ್ನೂ ಚಂದ. "ತಗೋರಿ ಅವ್ವಾರ, ಇದು ನಮ್ಮ ಪುಟ್ಟಿ ಕಡೆಯಿಂದ" ಎಂದರೆ ಯಾರೂ ಬೇಡ ಅನ್ನಲ್ಲ.

ಎಷ್ಟು? ಮನೆಗೇ ಬಂದು ಮಗು ನೋಡಿಕೊಳ್ಳುವವರಿದ್ದರೆ ದೀಪಾವಳಿಗೆ ಒಂದು ತಿಂಗಳ ಸಂಬಳ ಕೊಡಿ. ವರ್ಷ ತುಂಬಿಲ್ಲದಿದ್ದರೆ ಅರ್ಧ. ಡೇ ಕೇರ್‌ನಲ್ಲಿ ಆ ಬೋನಸ್ ಕೊಡುವುದು ಮಾಲೀಕರ ಕೆಲಸ, ಅಂದರೆ ನನ್ನದು. ಪಾಲಕರು ಕೊಡುವುದು ಅದರ ಮೇಲಿನದ್ದು. ನಿಮ್ಮ ಡೇ ಕೇರ್‌ನಲ್ಲಿ ಬೋನಸ್ ಕೊಡುತ್ತಾರೋ ಇಲ್ಲವೋ ಅಂತ ಮಾಲೀಕರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ.

ಪಾಲಕರೆಲ್ಲ ಸೇರಿ ಕೂಡಿಸುವುದು ಒಳ್ಳೆಯದು, ಆದರೆ ಅದನ್ನು ಕೆಡಿಸುವುದು ವಾಟ್ಸಾಪ್ ಪಟ್ಟಿ. ಯಾರು 200 ಹಾಕಿದರು, ಯಾರು 1000 ಹಾಕಿದರು ಎಂದು ಗ್ರೂಪಿನಲ್ಲಿ ಹಸಿರು ಟಿಕ್ ಹಾಕುತ್ತಾ ಕುಳಿತರೆ ಕಡಿಮೆ ಹಾಕಿದವರಿಗೆ ಮರುದಿನ ಬಾಗಿಲಿಗೆ ಬರಲು ಮುಜುಗರ. ಒಬ್ಬರು ಮಾತ್ರ ಹಣ ತೆಗೆದುಕೊಳ್ಳಲಿ, ಲೆಕ್ಕ ಅವರ ಹತ್ತಿರವೇ ಇರಲಿ. "ನಿಮಗೆ ತಿಳಿದಷ್ಟು, ಇಲ್ಲದಿದ್ದರೂ ನಡೆಯುತ್ತದೆ" ಎಂಬ ಒಂದು ಸಾಲು ಹಾಕಿ. ಬಂದ ಒಟ್ಟು ಮೊತ್ತವನ್ನು ಸಮನಾಗಿ ಹಂಚಿ, ಲಕೋಟೆಯ ಮೇಲೆ "ಎಲ್ಲ ಮಕ್ಕಳಿಂದ" ಅಂತ ಬರೆಯಿರಿ. ಹಬ್ಬಕ್ಕೆ ವಾರ ಮೊದಲೇ ಕೊಡಿ. ಲಕ್ಷ್ಮೀಪೂಜೆಯ ಸಂಜೆ ಕೊಟ್ಟರೆ ಅವರು ಸಂತೆ ಮಾಡುವುದು ಯಾವಾಗ?

ಸೀರೆ, ಖಣ, ಹೊಲಿಗೆ ಕೂಲಿ

ಇಳಕಲ್ಲು, ಗುಳೇದಗುಡ್ಡ ಎರಡೂ ನಮ್ಮ ಜಿಲ್ಲೆಯವೇ ಆದ್ದರಿಂದ ನಮ್ಮಲ್ಲಿ ಆಯಾರ (ಉಡುಗೊರೆ) ಅಂದರೆ ಮೊದಲು ನೆನಪಾಗುವುದು ಸೀರೆ-ಖಣ. ಇಷ್ಟಪಟ್ಟು ತೆಗೆದುಕೊಳ್ಳುತ್ತಾರೆ ಕೂಡ. ಆದರೆ ಇಲ್ಲಿ ಕೆಲವು ಸೂಕ್ಷ್ಮಗಳಿವೆ.

ಮೊದಲನೆಯದು, ಉಡುವ ಸೀರೆ ಕೊಡಿ, ಪೆಟ್ಟಿಗೆಯಲ್ಲಿ ಇಡುವ ಸೀರೆ ಬೇಡ. ಹತ್ತಿಯ ಒಡಲು, ಕೆಂಪು ಸೆರಗಿಗೆ ಬಿಳಿ ತೋಪು ತೆನಿ ನೇಯ್ಗೆ ಇರುವ ಸಾದಾ ಇಳಕಲ್ ಸೀರೆಯನ್ನು ನಮ್ಮ ಹಿರಿಯ ಆಯಾ ಕೆಲಸಕ್ಕೂ ಉಟ್ಟುಕೊಂಡು ಬರುತ್ತಾರೆ. ಮಕ್ಕಳು ಆ ಸೆರಗು ಹಿಡಿದುಕೊಂಡೇ ಮಲಗುತ್ತವೆ. ಚಮಕಿ, ಕಲ್ಲು ಹಚ್ಚಿದ ಸೀರೆ ಕೊಟ್ಟರೆ ಅದನ್ನು ಮಗು ಎತ್ತಿಕೊಳ್ಳುವ ಕೆಲಸಕ್ಕೆ ಉಡಲಾಗಲ್ಲ. ಒಂದು ಕಲ್ಲು ಉದುರಿದರೆ ಸಾಕು, ಅದು ನೇರ ಕೂಸಿನ ಬಾಯಿಗೆ.

ಎರಡನೆಯದು ಅಳತೆ. ವಯಸ್ಸಾದವರು ಕಚ್ಚೆ ಹಾಕಿ ಉಡುವವರಾದರೆ ಆರು ಗಜದ ಸೀರೆ ಸಾಲಲ್ಲ. ಎಂಟು ಅಥವಾ ಒಂಬತ್ತು ಗಜದ್ದು ಬೇಕು. ಅಂಗಡಿಯಲ್ಲಿ "ದೊಡ್ಡವರು ಉಡೂದು" ಎಂದರೆ ತೆಗೆದುಕೊಡುತ್ತಾರೆ. ಚಿಕ್ಕ ವಯಸ್ಸಿನ ಆಯಾಗೆ ಸೀರೆಯೇ ಬೇಕಿಲ್ಲ. ನಮ್ಮ ಕಿರಿಯವಳು ದಿನಾ ಚೂಡಿದಾರ ಹಾಕುತ್ತಾಳೆ. ಅವಳಿಗೆ ಸೀರೆ ಕೊಟ್ಟರೆ ಅದು ಅವಳ ಅತ್ತೆಗೆ ಹೋಗುತ್ತದೆ. ಅವಳಿಗೆ ಗುಳೇದಗುಡ್ಡ ಖಣದ ಬಟ್ಟೆಯಲ್ಲಿ ಹೊಲಿದ ಕೈಚೀಲ ಕೊಟ್ಟವರೊಬ್ಬರು ಇದ್ದರು. ಈಗ ಅದು ಅವಳ ಹೆಗಲು ಬಿಟ್ಟು ಇಳಿಯಲ್ಲ.

ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ. ಸೀರೆಗೆ ಫಾಲ್-ಪಿಕೋ ಆಗಬೇಕು, ಜಂಪರಿಗೆ ಅಸ್ತರ್ ತರಬೇಕು, ಹೊಲಿಗೆ ಕೂಲಿ ಕೊಡಬೇಕು. ಉಡುಗೊರೆ ಸಿಕ್ಕ ಖುಷಿಗೆ ಇವರದ್ದೇ ಕೈಯಿಂದ ದುಡ್ಡು ಖರ್ಚು! ಸೀರೆಯ ಮಡಿಕೆಯಲ್ಲಿ ಹೊಲಿಗೆ ಕೂಲಿಯ ಲಕೋಟೆ ಇಟ್ಟು ಕೊಡಿ. ಬಜೆಟ್ ಸಾಲದಿದ್ದರೆ ಸೀರೆ ಸ್ವಲ್ಪ ಅಗ್ಗದ್ದು ತನ್ನಿ, ಕೂಲಿ ಬಿಡಬೇಡಿ.

ಹಳೆ ಬಟ್ಟೆ ಉಡುಗೊರೆಯಲ್ಲ. ಮಗುವಿಗೆ ಸಣ್ಣದಾದ ಫ್ರಾಕು, ಸ್ವೆಟರು ಕೊಡಬೇಕು ಅನ್ನಿಸಿದರೆ ಬೇರೆ ದಿನ, "ಬೇಕೇನ್ರಿ" ಎಂದು ಕೇಳಿ, ಒಗೆದು ಇಸ್ತ್ರಿ ಮಾಡಿ ಕೊಡಿ. ಹಬ್ಬದ ದಿನ ಬೇಡ.

ಉಡಿ ತುಂಬುವ ವಿಷಯ

ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪ್ರೀತಿ ತೋರಿಸುವುದು ಎಂದರೆ ಉಡಿ ತುಂಬುವುದು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ-ಎಲೆ, ಅರಿಷಿಣದ ಕೊಂಬು, ಮೇಲೊಂದು ಖಣ. ಮಗುವಿನ ಜವಳ ಆದಾಗ, ಹುಟ್ಟುಹಬ್ಬಕ್ಕೆ ತಾಯಂದಿರು ತಟ್ಟೆ ಹಿಡಿದು ಬರುತ್ತಾರೆ. ನಮ್ಮ ಹಿರಿಯ ಆಯಾ ಗಂಡನನ್ನು ಕಳೆದುಕೊಂಡವರು. ತಟ್ಟೆ ನೋಡಿದ ಕೂಡಲೇ ಅವರು ಏನೋ ಕೆಲಸ ನೆನಪಾದವರಂತೆ ಹಿತ್ತಿಲಿಗೆ ಹೋಗಿಬಿಡುತ್ತಾರೆ. ಎಲ್ಲರಿಗಿಂತ ಜಾಸ್ತಿ ಆ ಮಗುವನ್ನು ಎತ್ತಿ ಆಡಿಸಿದವರು ಅವರೇ ಆಗಿರುತ್ತಾರೆ.

ನಮ್ಮ ಮನೆಯಲ್ಲಿ ನಾನು ಮಾಡಿದ ನಿಯಮ ಇದು: ಡೇ ಕೇರ್ ಒಳಗೆ ಉಡಿ ತುಂಬುವುದಿದ್ದರೆ ಎಲ್ಲರಿಗೂ ತುಂಬಬೇಕು. ಅದಕ್ಕೆ ಮನಸ್ಸು ಒಪ್ಪದಿದ್ದರೆ ಯಾರಿಗೂ ಬೇಡ, ಎಲ್ಲರಿಗೂ ತೆಂಗಿನಕಾಯಿ, ಹಣ್ಣು, ಬಟ್ಟೆ ಕೊಡಿ. ಹೀಗೆ ಹೇಳಿದಾಗ ಒಬ್ಬಿಬ್ಬರು ಅಜ್ಜಿಯರು ಮುಖ ಗಂಟು ಹಾಕಿದರು. ಹಾಕಲಿ. ಒಬ್ಬ ತಾಯಿ ಮಾತ್ರ ಸೀದಾ ಹಿತ್ತಿಲಿಗೇ ಹೋಗಿ, "ಅವ್ವಾ, ನನ್ನ ಮಗನ ಆಯಿ ನೀವು. ನಿಮಗ ಕೊಡದ ಯಾರಿಗಿ ಕೊಡ್ಲಿ?" ಎಂದು ಅವರ ಸೆರಗಿಗೇ ಹಾಕಿದಳು. ಎಲ್ಲ ಹಿರಿಯರಿಗೂ ಇದು ಹಿಡಿಸುತ್ತದೆ ಎಂದು ಹೇಳಲಾರೆ. ಕೆಲವರಿಗೆ ಅವರದೇ ಸಂಕೋಚ ಇರುತ್ತದೆ. ಮೊದಲು ಒಬ್ಬರೇ ಇದ್ದಾಗ ಕೇಳಿಕೊಳ್ಳಿ.

ಅಡುಗೆಯವರು ಮುಸ್ಲಿಮರು. ಅವರಿಗೆ ದೀಪಾವಳಿಯ ಲಕೋಟೆ ಕೊಟ್ಟವರು ರಂಜಾನ್ ತಿಂಗಳು ನೆನಪಿಟ್ಟುಕೊಂಡರೆ ಅದರ ಬೆಲೆಯೇ ಬೇರೆ. ವಿಜಯಪುರದ ಕಡೆಯ ಒಂದು ಮನೆಯವರು ಉಪವಾಸ ಶುರುವಾಗುವ ವಾರ ಖರ್ಜೂರ ಮತ್ತು ಒಣದ್ರಾಕ್ಷಿ ಕಳಿಸುತ್ತಾರೆ. ಹಬ್ಬದ ಮರುದಿನ ಆ ಮನೆಗೆ ಇವರ ಸುರಕುಂಬಾ (ಶಾವಿಗೆ ಪಾಯಸ) ಹೋಗುತ್ತದೆ.

ತಿನ್ನುವುದನ್ನು ಕಳಿಸುವ ಮುನ್ನ

ದೊಡ್ಡವರಿಗೆ ಏನು ಬೇಕಾದರೂ ಕಳಿಸಿ. ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಿಕಿ ಉಂಡಿ ಬಂದರೆ ನಾವೂ ಮಕ್ಕಳಂತೆ ಮುಗಿಬೀಳುತ್ತೇವೆ. ಹೊಲ ಇರುವವರು ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಎಡೆ ಚೆಲ್ಲುವ ಚರಗ ಮುಗಿಸಿ ಸಜ್ಜೆ ರೊಟ್ಟಿ, ಎಣಗಾಯಿ ತಂದುಕೊಡುತ್ತಾರೆ. ಸುಲಗಾಯಿ (ಹಸಿ ಕಡಲೆ), ಸೀತನಿ (ಎಳೆ ಜೋಳದ ತೆನೆ) ಕಾಲದಲ್ಲಿ ಒಂದು ಚೀಲ ಬಂದರೆ ಅದರ ಮುಂದೆ ಬೇಕರಿ ಸ್ವೀಟ್ ಏನೂ ಅಲ್ಲ.

ಮಕ್ಕಳಿಗೆ ಹಂಚಲು ತರುವಾಗ ಮಾತ್ರ ಎಚ್ಚರ ಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಗೋಡಂಬಿ, ಪುಟಾಣಿ (ಹುರಿಗಡಲೆ) ಗಂಟಲಿಗೆ ಸಿಗಬಹುದು. ಕರದಂಟು, ಶೇಂಗಾ ಚಿಕ್ಕಿ, ಜೋಳದ ಅಳ್ಳು, ಗಟ್ಟಿ ಕುಸುರೆಳ್ಳು ಎಲ್ಲ ಇದೇ ಸಾಲಿನವು. ದ್ರಾಕ್ಷಿ ತಂದರೆ ನಾವು ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಕೊಡುತ್ತೇವೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು, ಪೂಜೆಯ ಪಂಚಾಮೃತದಲ್ಲೂ ಬೇಡ. ಶೇಂಗಾ ಆಗದ ಮಗು ಇದ್ದರೆ ಆ ದಿನ ಶೇಂಗಾ ಹೋಳಿಗೆ ಒಳಗೆ ಬರಲ್ಲ. ನಮ್ಮಲ್ಲಿ ಮೊಟ್ಟೆ ತಿನ್ನದ ಮನೆಗಳೇ ಜಾಸ್ತಿ, ಜೈನರ ಮಕ್ಕಳೂ ಇದ್ದಾರೆ. ಆದ್ದರಿಂದ ಹುಟ್ಟುಹಬ್ಬದ ಕೇಕ್ ಮೊಟ್ಟೆ ಇಲ್ಲದ್ದೇ ಆಗಬೇಕು. ಬಲೂನ್ ಬೇಡವೇ ಬೇಡ. ಒಡೆದ ರಬ್ಬರ್ ಚೂರು ಬಾಯಿಗೆ ಹೋದರೆ ತೆಗೆಯುವುದು ಕಷ್ಟ.

ಆಟಿಕೆ ಕೊಡುವುದಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಗುಂಡಿಯಂಥ ಸಣ್ಣ ಬ್ಯಾಟರಿ ಸುಲಭವಾಗಿ ಬಿಚ್ಚಿ ಬರುವ ಆಟಿಕೆಯನ್ನು ನಾನು ವಾಪಸ್ ಕಳಿಸುತ್ತೇನೆ, ಬೇಜಾರಾದರೂ ಸರಿ. ನನ್ನನ್ನು ಕೇಳಿದರೆ ಹುಟ್ಟುಹಬ್ಬಕ್ಕೆ ಒಂದು ಕನ್ನಡ ಚಿತ್ರಪುಸ್ತಕ ಕೊಡಿ. ಪ್ರಥಮ್ ಬುಕ್ಸ್, ನವಕರ್ನಾಟಕದವರ ಪುಸ್ತಕಗಳು ಅಗ್ಗದಲ್ಲೇ ಸಿಗುತ್ತವೆ. ಮೊದಲ ಪುಟದಲ್ಲಿ ಮಗುವಿನ ಹೆಸರು ಬರೆದು ನಮ್ಮ ಕಪಾಟಿನಲ್ಲಿ ಇಡುತ್ತೇವೆ.

ದುಡ್ಡಿಲ್ಲದ ಉಡುಗೊರೆ

ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉಡುಗೊರೆಗೆ ಕೊಟ್ಟವರ ಕೈಯಿಂದ ಏನೂ ಖರ್ಚಾಗಲಿಲ್ಲ. ಒಂದು ಮಗುವಿನ ಅಪ್ಪ ಬ್ಯಾಂಕಿನಲ್ಲಿದ್ದಾರೆ. ನಮ್ಮ ಹಿರಿಯ ಆಯಾಗೆ ಗೃಹಲಕ್ಷ್ಮಿಯ 2000 ರೂಪಾಯಿ ಬರುವುದು ನಿಂತುಹೋಗಿತ್ತು. ಎಲ್ಲಿ ಹೋದರೂ "ಆಧಾರ್ ಲಿಂಕ್ ಆಗಿಲ್ಲ, ನಾಳೆ ಬಾ" ಎನ್ನುತ್ತಿದ್ದರು. ಇವರು ಒಂದು ಶನಿವಾರ ಪಾಸ್‌ಬುಕ್ ತರಿಸಿ, ಜೊತೆಗೆ ಕೂರಿಸಿಕೊಂಡು ಅದನ್ನು ಸರಿಮಾಡಿದರು. ಅಲ್ಲಿಗೇ ಬಿಡಲಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಮೂವರ ಹೆಸರನ್ನೂ ಹಾಕಿಸಿದರು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. 18ರಿಂದ 70 ವರ್ಷದವರು ಸೇರಬಹುದು. ಕಿರಿಯವಳಿಗೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯನ್ನೂ ಮಾಡಿಸಿದರು. ಅದಕ್ಕೆ ವರ್ಷಕ್ಕೆ 436 ರೂಪಾಯಿ, 50 ವರ್ಷದೊಳಗೆ ಸೇರಬೇಕು, ಸಾವು ಯಾವ ಕಾರಣದಿಂದ ಬಂದರೂ 2 ಲಕ್ಷ. ಹಣ ಮೇ ಕೊನೆಯಲ್ಲಿ ತಾನೇ ಕಡಿತವಾಗುತ್ತದೆ, ಆಗ ಖಾತೆಯಲ್ಲಿ ಅಷ್ಟು ಹಣ ಇರಬೇಕು. ಅದನ್ನು ನೆನಪಿಸಲು ಅವರು ಈಗಲೂ ಮೇ ತಿಂಗಳಲ್ಲಿ ಫೋನ್ ಮಾಡುತ್ತಾರೆ.

ನಿಮಗೆ ಏನು ಬರುತ್ತದೋ ಅದನ್ನೇ ಕೊಡಿ. ನರ್ಸ್ ಆಗಿದ್ದರೆ ಬಿಪಿ, ಶುಗರ್ ನೋಡಿ. ಮೇಷ್ಟರಾಗಿದ್ದರೆ ಆಯಾಳ ಮಗನಿಗೆ ಎಸ್‌ಎಸ್‌ಎಲ್‌ಸಿ ಗಣಿತ ಹೇಳಿಕೊಡಿ. ತೋಟಗಾರಿಕೆಯ ಮೇಡಂ ಒಬ್ಬರು ಎಲ್ಲರಿಗೂ ಒಂದೊಂದು ಕರಿಬೇವಿನ ಸಸಿ ಕೊಟ್ಟಿದ್ದರು.

ರಜೆಯೂ ಉಡುಗೊರೆಯೇ. ಬನದ ಹುಣ್ಣಿಮೆಗೆ ಬನಶಂಕರಿ ತೇರು, ಬಾದಾಮಿ ಕಡೆಯವರಿಗೆ ಅದನ್ನು ತಪ್ಪಿಸುವುದೆಂದರೆ ಆಗದ ಮಾತು. ಮನೆಯಲ್ಲಿ ಆಯಾ ಇರುವವರು ಆ ಎರಡು ದಿನ ಸಂಬಳ ಹಿಡಿಯದೆ ಕಳಿಸಿ. ಜಾತ್ರೆಯ ನಾಟಕ ನೋಡಿ ಬರಲಿ.

ಇನ್ನೊಂದು ವಿಷಯ, ಇದು ಡೇ ಕೇರ್ ನಡೆಸುವವರಿಗೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಕಾನೂನು ಹತ್ತು ಅಥವಾ ಜಾಸ್ತಿ ಕೆಲಸಗಾರರಿರುವ ಕಡೆಗೆ. ನಮ್ಮಂಥ ಸಣ್ಣ ಜಾಗಕ್ಕೆ ಅದು ಬರಲ್ಲ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೂ ಗ್ರಾಚ್ಯುಟಿ ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದೇ 2022ರಲ್ಲಿ. ನಾನು ಆ ಕಾನೂನಿನ ಅಳತೆಯನ್ನೇ ಹಿಡಿದು, ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಅಂಚೆ ಕಚೇರಿಯ ಆರ್‌ಡಿಯಲ್ಲಿ ಇಡುತ್ತಾ ಬಂದಿದ್ದೇನೆ. ಬಿಟ್ಟು ಹೋಗುವ ದಿನ ಹಾರ ಹಾಕಿ ಕಳಿಸುವುದಕ್ಕಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಅಂಗನವಾಡಿಗೆ ಮಗು ಹೋಗುತ್ತಿದ್ದರೆ ಕಾರ್ಯಕರ್ತೆಯ ಕೈಗೆ ಹಣ ಕೊಡಬೇಡಿ, ಅವರಿಗೇ ತೊಂದರೆ. ಜಮಖಾನೆ, ಗೋಡೆ ಗಡಿಯಾರ, ನೀರಿನ ಫಿಲ್ಟರ್ ಹೀಗೆ ಕೇಂದ್ರಕ್ಕೆ ಕೊಡಿ.

ಬಾಯಿಮಾತು ಮತ್ತು ಬರಹ

"ಥ್ಯಾಂಕ್ಸ್ ಅಕ್ಕಾ, ನೀವು ತುಂಬಾ ಚೆನ್ನಾಗಿ ನೋಡ್ಕೋತೀರಿ" ಎಂಬ ಮಾತು ಗಾಳಿಗೆ ಹೋಗುತ್ತದೆ. "ನಿಮ್ಮಲ್ಲಿ ಬಂದ ಮೇಲೆ ತಾನೇ ಕೈ ತೊಳ್ಕೊಂಡು ಊಟಕ್ಕೆ ಕೂಡ್ತಾನ್ರಿ" ಎಂದರೆ ಆ ಮಾತನ್ನು ನಮ್ಮ ಆಯಾ ಮನೆಗೆ ಹೋಗಿ ಎಲ್ಲರಿಗೂ ಹೇಳುತ್ತಾರೆ. ಒಂದು ಸಂಗತಿ ಹಿಡಿದು ಹೇಳಿ, ಅಷ್ಟೇ. ಪತ್ರ ಬರೆಯುವುದಾದರೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಓದು ಬಾರದವರಿಗೆ ವಾಟ್ಸಾಪ್‌ನಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸಿ. ಮಗುವಿನ ದನಿಯೂ ಇರಲಿ. ಹಿರಿಯ ಆಯಾಳ ಫೋನಿನಲ್ಲಿ ಅಂಥವನ್ನು ಮೊಮ್ಮಗ ಅಳಿಸದಂತೆ ಕಾಯುವುದೇ ಒಂದು ಕೆಲಸ.

ಬೇಡ ಅನ್ನುವುದು, ಮರಳಿ ಕೊಡುವುದು

ಬಂಗಾರ, ಬೆಳ್ಳಿ ನಾವು ತೆಗೆದುಕೊಳ್ಳುವುದಿಲ್ಲ. ಯಾರಾದರೂ ತಂದರೆ ಹೇಳುವ ಮಾತು ಒಂದೇ: "ಬ್ಯಾಡ್ರಿ, ಒಂದು ಖಣ ಸಾಕು. ಇದು ಪುಟ್ಟಿ ಕೊಳ್ಳಾಗ ಇರ್ಲಿ." ದೊಡ್ಡ ಉಡುಗೊರೆ ತೆಗೆದುಕೊಂಡರೆ ಮರುದಿನದಿಂದ ಆ ಮಗುವನ್ನು ಮೊದಲು ಎತ್ತಿಕೊಂಡೆವಾ ಎಂದು ಉಳಿದವರು ನೋಡುತ್ತಾರೆ. ನೋಡುವುದು ಸಹಜವೇ.

ನಮ್ಮ ಕಡೆಯಿಂದ ಮಕ್ಕಳಿಗೆ ಕೊಡುವುದು ಕಡಿಮೆ, ಎಲ್ಲರಿಗೂ ಒಂದೇ. ಸಂಕ್ರಾಂತಿಗೆ ಮನೆಗೊಂದು ಪೊಟ್ಟಣ ಕುಸುರೆಳ್ಳು, ಅದು ದೊಡ್ಡವರಿಗೆ. ಶಾಲೆಗೆ ಸೇರಿ ನಮ್ಮನ್ನು ಬಿಟ್ಟು ಹೋಗುವ ಮಗುವಿಗೆ ಅದು ಬಂದ ದಿನ ಮತ್ತು ಹೋಗುವ ದಿನ ಒತ್ತಿದ ಎರಡು ಕೈಗುರುತು, ಒಂದೇ ಹಾಳೆಯಲ್ಲಿ. ನೀವೂ ಡೇ ಕೇರ್ ನಡೆಸುವವರಾದರೆ ಮಗು ಬಂದ ಮೊದಲ ವಾರವೇ ಒತ್ತಿಸಿ, ಹೆಸರು-ತಾರೀಖು ಹಾಕಿ ಫೈಲಿನಲ್ಲಿ ಇಡಿ, ಆಮೇಲೆ ನೆನಪಾಗಲ್ಲ. ನೀರಿನಲ್ಲಿ ತೊಳೆದರೆ ಹೋಗುವ ಬಣ್ಣ ಬಳಸಿ. ಮಗುವಿನ ಫೋಟೊ ಕೊಡುವುದಾದರೆ ಅದರಲ್ಲಿ ಬೇರೆ ಮಕ್ಕಳು ಇರದಂತೆ ನೋಡಿಕೊಳ್ಳಿ.

ನೀವು ಉಂಡಿ ಕಳಿಸಿದ ಡಬ್ಬಿ ಬರಿದಾಗಿ ಬರುವುದಿಲ್ಲ. ತಳದಲ್ಲಿ ಒಂದು ಹಿಡಿ ಸಕ್ಕರೆಯೋ ಬೆಲ್ಲದ ಚೂರೋ ಇದ್ದೇ ಇರುತ್ತದೆ. ಆದರೆ ದಯವಿಟ್ಟು ಡಬ್ಬಿಯ ಮೇಲೆ ಹೆಸರು ಬರೆಯಿರಿ. ಪಂಚಮಿ ಮುಗಿದ ವಾರ ನಮ್ಮ ಅಡುಗೆಕಟ್ಟೆಯ ಮೇಲೆ ಒಂದೇ ತರದ ಸ್ಟೀಲ್ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ, ಯಾರ ಮುಚ್ಚಳ ಯಾರದ್ದು ಎಂದು ಹುಡುಕುವುದರಲ್ಲೇ ಮಧ್ಯಾಹ್ನ ಮುಗಿಯುತ್ತದೆ.